ಒಂಟಿ ಮೊರ ಮಾರುವುದಿಲ್ಲ

ನಾನು ಎತ್ತು ಸಾಕಿದವನಲ್ಲ. ಆದರೂ ನನ್ನ ಬಾಡಿಗೆ ಕೋಣೆಯ ಗೂಟದಲ್ಲಿ ಎತ್ತಿನ ಕೊರಳಿಗೆ ಕಟ್ಟುವ ಗಂಟೆಗಳು ನಾಲ್ಕು ನೇತಾಡುತ್ತಿವೆ. ನಾನಿರುವ ವಠಾರದಲ್ಲಿ ಬಾವಿಯೇ ಇಲ್ಲ, ನನ್ನ ಮಂಚದ ಕೆಳಗೆ ಹನ್ನೆರಡು ಮಾರು ಸೇದುವ ಹಗ್ಗವಿದೆ. ತಲೆಯ ಮೇಲೆ ಉಳಿದಿರುವ ಕೂದಲನ್ನು ಒಂದು ಬಿಡುವಿನ ಮಧ್ಯಾಹ್ನದಲ್ಲಿ ಎಣಿಸಿ ಮುಗಿಸಬಹುದು, ಆದರೆ ಸೀಗೆಪುಡಿ ಎರಡು ಡಬ್ಬಿ ತುಂಬ ಇದೆ. ಕಂಬಳಿ ಮೂರು, ತಾಮ್ರದ ಸೌಟು ಎರಡು, ಎರಡು ಡಜನ್ ಹಸಿರು ಗಾಜಿನ ಬಳೆ. ಇವನ್ನೆಲ್ಲ ಯಾರೂ ನನ್ನ ತಲೆಗೆ ಕಟ್ಟಿದ್ದಲ್ಲ. ನಾನೇ ನನ್ನ ಸಂಬಳದಲ್ಲಿ, ಪೂರ್ತಿ ಎಚ್ಚರವಿದ್ದಾಗಲೇ ಕೊಂಡದ್ದು. ಯಾರಾದರೂ ಒಳಗೆ ಬಂದು ನೋಡಿದರೆ ಇವನು ಕಳ್ಳಮಾಲು ಇಟ್ಟುಕೊಳ್ಳುವವನೇ ಸರಿ ಎಂದು ಪೊಲೀಸರಿಗೆ ಹೇಳಿಯಾರು. ಪುಣ್ಯಕ್ಕೆ ಯಾರೂ ಬರುವುದಿಲ್ಲ. ಪುಣ್ಯಕ್ಕೆ ಎಂದು ಬಾಯಿಮಾತಿಗೆ ಅಂದೆ. ಯಾರೂ ಬರುವುದಿಲ್ಲ ಎಂಬುದೇ ನನ್ನ ತೊಂದರೆ, ಅದನ್ನು ನಿಮ್ಮ ಮುಂದೆ ಹೇಳಿಕೊಳ್ಳುವುದಕ್ಕೇ ಈಗ ಕೂತಿರುವುದು.

ಮೈಸೂರು ರಾಜ್ಯ ದೊಡ್ಡದಾದ ಮೇಲೆ ಸರ್ಕಾರಕ್ಕೆ ಏನನ್ನಿಸಿತೋ, ತಿಪಟೂರಿನಲ್ಲಿ ಹದಿನಾರು ವರ್ಷ ಒಂದೇ ಕುರ್ಚಿಯನ್ನು ಸವೆಸಿಕೊಂಡು ಸುಖವಾಗಿದ್ದ ಈ ರುದ್ರಯ್ಯನನ್ನು ಎತ್ತಿ ಚಾಮರಾಜನಗರದ ಒಂದು ಕಚೇರಿಗೆ ಗುಮಾಸ್ತನಾಗಿ ಹಾಕಿತು. ಮೈಸೂರಿನಿಂದ ಹೊರಟ ರೈಲು ಇಲ್ಲಿಗೆ ಬಂದು, ಮುಂದೆ ಹಳಿ ಇಲ್ಲದೆ, ಇನ್ನೇನು ಮಾಡುವುದು ಎಂಬಂತೆ ನಿಂತುಬಿಡುತ್ತದೆ. ನಾನೂ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿಯೊಂದಿಗೆ ಹಾಗೆಯೇ ನಿಂತೆ. ವಯಸ್ಸು ಮೂವತ್ತೊಂಬತ್ತು. ಮದುವೆಯಾಗಿರಲಿಲ್ಲ. ಮದುವೆಯ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಅಪ್ಪ ಹೋದ ಮೇಲೆ ಮೂವರು ತಂಗಿಯರ ಮದುವೆ ಮುಂದೆ ಬಂತು, ಅದು ಮುಗಿಯುವಷ್ಟರಲ್ಲಿ ಅಮ್ಮ ಹಾಸಿಗೆ ಹಿಡಿದರು, ಆಮೇಲೆ ಅಮ್ಮನೂ ಹೋದರು. ನನ್ನ ಮದುವೆಯ ಕಡತ ಈ ಮೇಜಿನಿಂದ ಆ ಮೇಜಿಗೆ ಹೋಗುತ್ತ ಹೋಗುತ್ತ ಎಲ್ಲೋ ಅಡಿಗೆ ಬಿದ್ದುಹೋಯಿತು. ಅಡಿಗೆ ಬಿದ್ದ ಕಡತಗಳ ಗತಿ ಏನಾಗುತ್ತದೆಂದು ಗುಮಾಸ್ತನಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಕೋಣೆ ಸಿಕ್ಕಿದ್ದು ಸ್ಟೇಷನ್ನಿನ ಕಡೆ, ಊರಿನ ಒಂದು ತುದಿಗೆ. ಊಟ ಹೋಟೆಲಿನಲ್ಲಿ. ಬಂದ ಮೊದಲ ತಿಂಗಳಿನ ಒಂದು ಭಾನುವಾರ ಸಂಜೆ ಹೋಟೆಲಿಗೆ ಹೋಗಿ "ಒಂದು ಕಾಫಿ" ಎಂದೆ. ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ಕೆಮ್ಮಿ ಇನ್ನೊಂದು ಸಲ ಹೇಳಿದೆ. ಶನಿವಾರ ಕಚೇರಿ ಬಿಟ್ಟಾಗಿನಿಂದ ನಾನು ಆಡಿದ ಮೊದಲನೆಯ ಮಾತು ಅದು ಎಂದು ಆಮೇಲೆ ಹೊಳೆಯಿತು. ಕಾಫಿ ಕುಡಿಯುತ್ತ ನನಗೆ ನಿಜವಾಗಿ ಭಯವಾಯಿತು. ಹೀಗೇ ಬಿಟ್ಟರೆ ದಸರಾ ರಜೆ ಮುಗಿಯುವಷ್ಟರಲ್ಲಿ ನಾನು ಪೂರ್ತಿ ಮೂಗನಾಗಿ ಕಚೇರಿಗೆ ಹೋಗಬೇಕಾಗಬಹುದು.

ಕಚೇರಿಯ ಹೆಡ್ ಗುಮಾಸ್ತರಿಗೆ ಬೇಜಾರಿನ ಸಂಗತಿ ಹೇಳಿದೆ. ಅವರು ಈ ಊರಿನವರೇ. "ಐತಿಹಾಸಿಕ ಊರು ಕಣ್ರೀ, ಸುತ್ತಾಡಿ ನೋಡಿ" ಎಂದರು. ನೋಡಿದೆ. ಚಾಮರಾಜೇಶ್ವರನ ಗುಡಿಗೆ ಹೋಗಿ ಕಂಬಗಳನ್ನು ನೋಡಿದೆ, ಸುತ್ತಲಿನ ಸಾಲು ಲಿಂಗಗಳಿಗೆ ಕೈ ಮುಗಿದೆ, ಮಹಾರಾಜರೊಬ್ಬರು ಹುಟ್ಟಿದ ಜಾಗದಲ್ಲಿ ಕಟ್ಟಿಸಿದ ಮಂಟಪವನ್ನೂ ಮೂರು ಸುತ್ತು ಹಾಕಿ ನೋಡಿದೆ. ಎಲ್ಲ ಚೆನ್ನಾಗಿತ್ತು, ಆದರೆ ಕಲ್ಲಿನ ಜೊತೆ ಎಷ್ಟು ಹೊತ್ತು ನಿಲ್ಲುವುದು? ಕಂಬ ನಮ್ಮನ್ನು ನೋಡಿ ಯಾವಾಗ ಬಂದಿರಿ ಎನ್ನುವುದಿಲ್ಲ. ಅರ್ಧ ದಿನದಲ್ಲಿ ಇತಿಹಾಸವೆಲ್ಲ ಮುಗಿದು, ವಾಪಸು ಬರುವಾಗ ಬಾಯಾರಿ ದೊಡ್ಡಂಗಡಿ ಬೀದಿಯ ಒಂದು ಸೋಡಾ ಅಂಗಡಿಯಲ್ಲಿ ನಿಂತೆ. ಅಂಗಡಿಯವನು ಗೋಲಿಯನ್ನು ಠಪ್ಪೆಂದು ಒತ್ತುತ್ತ, "ಸ್ವಾಮ್ಯಾರು ಒಸಬ್ರಾ? ಯಾವೂರಾಯ್ತು?" ಎಂದ. ಆ ಒಂದು ಸೋಡಾವನ್ನು ನಾನು ಮುಕ್ಕಾಲು ಗಂಟೆ ಕುಡಿದೆ.

ಅಂದು ನನಗೊಂದು ಜ್ಞಾನೋದಯವಾಯಿತು. ಪರಸ್ಥಳದ ಮನುಷ್ಯನೊಬ್ಬ ಯಾವ ಕಾರಣವನ್ನೂ ಕೊಡದೆ ಹೋಗಿ ನಿಂತು ಮಾತಾಡಬಹುದಾದ ಜಾಗ ಈ ಪ್ರಪಂಚದಲ್ಲಿ ಒಂದೇ, ಅದು ಅಂಗಡಿ. ಮನೆಯ ಬಾಗಿಲಿಗೆ ಹೋದರೆ ಏನು ಬೇಕು ಎಂದು ಅನುಮಾನದಿಂದ ಕೇಳುತ್ತಾರೆ, ಅಂಗಡಿಯಲ್ಲಿ ಅದೇ ಪ್ರಶ್ನೆಯನ್ನು ಪ್ರೀತಿಯಿಂದ ಕೇಳುತ್ತಾರೆ. ಅಲ್ಲಿಂದ ಮುಂದೆ ನಾನು ಬೆಳಿಗ್ಗೆ ಕಚೇರಿಗೆ ಮುಂಚೆ ಒಂದು ಸುತ್ತು, ಸಂಜೆ ಕಚೇರಿ ಬಿಟ್ಟ ಮೇಲೆ ಒಂದು ಸುತ್ತು ಬೀದಿ ಹಿಡಿದೆ. ದೊಡ್ಡಂಗಡಿ ಬೀದಿ, ಚಿಕ್ಕಂಗಡಿ ಬೀದಿ, ಅವೆರಡರ ನಡುವಿನ ಸಂದಿಗಳು. ಗುಡಿಯ ಕಂಬ ಹೇಳದ್ದನ್ನೆಲ್ಲ ಅಂಗಡಿಗಳು ಹೇಳಿದವು. ಈ ಊರಿಗೆ ಮೊದಲು ಅರಿಕುಠಾರ ಎಂಬ ಹೆಸರಿತ್ತೆಂದು ತಿಳಿಸಿದವನು ಪಾತ್ರೆಗೆ ಕಲಾಯಿ ಹಾಕುವ ಮುದುಕ. ಅವನ ಮಾತಿನ ಧಾಟಿ ನೋಡಿದರೆ ಹೆಸರು ಬದಲಾಯಿಸುವಾಗ ಅವನನ್ನು ಒಂದು ಮಾತೂ ಕೇಳಲಿಲ್ಲ ಎಂಬ ನೋವು ಇನ್ನೂ ಇದ್ದಂತಿತ್ತು. ಕಂಬಳಿ ಅಂಗಡಿಯವನು ಬೆರಳಲ್ಲಿ ಉಜ್ಜಿ ಯಾವ ಕಂಬಳಿ ಯಾವ ಸೀಮೆಯ ಕುರಿಯದು ಎಂದು ಹೇಳುತ್ತಿದ್ದ. ಗಡಿಯಾರ ರಿಪೇರಿಯವನ ಗೋಡೆಯ ಮೇಲೆ ಹನ್ನೊಂದು ಗಡಿಯಾರಗಳಿದ್ದು ಹನ್ನೊಂದೂ ಬೇರೆ ಬೇರೆ ಹೊತ್ತು ತೋರಿಸುತ್ತಿದ್ದವು. ಸರಿಯಾದ ಗಂಟೆ ಬೇಕಾದರೆ ಅವನು ಬಾಗಿಲಿಗೆ ಬಂದು ನೆರಳು ನೋಡಿ ಹೇಳುತ್ತಿದ್ದ.

ಒಂದೇ ತೊಡಕು. ಅಂಗಡಿಯಲ್ಲಿ ಬರಿಗೈಯಲ್ಲಿ ಎಷ್ಟು ಹೊತ್ತು ನಿಲ್ಲಲಾದೀತು? ಕಾಲು ಗಂಟೆ ಮಾತಿಗೆ ಒಂದು ಕರ್ಪೂರದ ಪೊಟ್ಟಣ, ಅರ್ಧ ಗಂಟೆಗೆ ಒಂದು ಸೌಟು, ಬೆಂಚಿನ ಮೇಲೆ ಕೂರಿಸಿ ಎಲೆ ಅಡಿಕೆ ಕೊಟ್ಟರೆ ಕಂಬಳಿಗಿಂತ ಕಡಿಮೆ ಕೊಂಡು ಏಳುವುದು ಮರ್ಯಾದೆಯಲ್ಲ. ಹೀಗೆ ನನ್ನ ಕೋಣೆ ತುಂಬತೊಡಗಿತು.

ಬೀದಿಯ ಮಧ್ಯದಲ್ಲಿ ನಂಜಪ್ಪನ ಗ್ರಂಧಿಗೆ ಅಂಗಡಿ. ಅರಿಸಿನ, ಕುಂಕುಮ, ಊದುಬತ್ತಿ, ಹೆಸರೇ ಗೊತ್ತಿಲ್ಲದ ನಾರು ಬೇರು, ಎಲ್ಲ ಸೇರಿ ಒಂದು ಗುಡಿಯ ವಾಸನೆ. ನಂಜಪ್ಪ ನನ್ನದೇ ವಯಸ್ಸಿನ, ಹೊಟ್ಟೆ ಮುಂದಿಟ್ಟುಕೊಂಡ, ನಗುಮೊಗದ ಮನುಷ್ಯ. ಅವನ ತಾಯಿಯನ್ನು ಬೀದಿಯವರೆಲ್ಲ ಅವ್ವ ಎನ್ನುತ್ತಾರೆ. ಅಂಗಡಿಯ ಮೂಲೆಯಲ್ಲಿ ಮಣೆ ಹಾಕಿಕೊಂಡು ದಿನವಿಡೀ ಹತ್ತಿಯ ಬತ್ತಿ ಹೊಸೆಯುವುದು ಆಕೆಯ ಕೆಲಸ. ಕಣ್ಣು ಬತ್ತಿಯ ಮೇಲೆ, ಕಿವಿ ಗಿರಾಕಿಯ ಮೇಲೆ. ಅಂಗಡಿಯ ಹಿಂದೆಯೇ ಅವರ ಮನೆ.

ಗೌರಿ ಹಬ್ಬಕ್ಕೆ ನಾಲ್ಕು ದಿನ ಮುಂಚೆ ನಂಜಪ್ಪನ ಅಂಗಡಿಯ ಮುಂದೆ ಹೊಸ ಬಿದಿರಿನ ಮೊರಗಳ ಗೋಪುರ ಎದ್ದಿತ್ತು. ಅವನ್ನು ಎಲ್ಲಿ ಹೆಣೆಯುತ್ತಾರೆ, ಅರಿಸಿನ ಯಾಕೆ ಬಳಿಯುತ್ತಾರೆ ಎಂದು ವಿಚಾರಿಸುತ್ತ ನಾನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತುಬಿಟ್ಟೆ. ಇನ್ನು ಕೊಳ್ಳದೆ ಗತ್ಯಂತರವಿರಲಿಲ್ಲ. "ಒಂದು ಮೊರ ಕೊಡಿ" ಎಂದೆ.

"ಒಂದಾ?" ಎಂದ ನಂಜಪ್ಪ, ನಾನು ಒಂದು ಚಪ್ಪಲಿ ಕೇಳಿದಂತೆ. "ಒಂಟಿ ಮೊರ ಮಾರಾಕಿಲ್ಲ ಸ್ವಾಮಿ. ಬಾಗಿನದ ಮೊರ ಅಲ್ವಾ? ಒಂದ್ರಲ್ಲಿ ತುಂಬ್ಸದು, ಇನ್ನೊಂದ್ರಲ್ಲಿ ಮುಚ್ಚದು. ಒಂದೇ ತಕ್ಕೊಂಡೋದ್ರೆ ನಿಮ್ಮನೆಯೋರು ನಿಮ್ಮುನ್ನ ಬಾಗ್ಲಲ್ಲೇ ನಿಲ್ಲುಸ್ತಾರೆ, ಅಷ್ಟೇಯ!"

ನನಗೆ ಮದುವೆಯಾಗಿಲ್ಲ ಎಂದು ಹೇಳುವುದಕ್ಕೆ ಎರಡು ಮಾತು ಸಾಕಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಗದರಿಸುವವರೊಬ್ಬರು ಎಲ್ಲೋ ಇದ್ದಾರೆ ಎಂಬ ಆ ಮಾತು ಕಿವಿಗೆ ಎಷ್ಟು ಹಿತವಾಗಿತ್ತೆಂದರೆ, ಅದನ್ನು ಅಲ್ಲಗಳೆಯಲು ಮನಸ್ಸು ಬರಲಿಲ್ಲ. "ಹೌದಲ್ಲ, ಮರೆತೇಬಿಟ್ಟಿದ್ದೆ. ಜೊತೆಯೇ ಕೊಡಿ" ಎಂದೆ. ಮೊರಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಊರ ನಡುವೆ ನಡೆದು ಬಂದೆ. ದಾರಿಯಲ್ಲಿ ಇಬ್ಬರು "ಗೌರಿ ಅಬ್ಬ ಜೋರಾ ಸ್ವಾಮಿ?" ಎಂದರು. ಜೋರು ಎಂದೆ.

ನಂಜಪ್ಪನ ಮಾತಿನಲ್ಲಿ ಹುಟ್ಟಿದ ಆ ಮನೆಯಾಕೆ ಒಂದು ಸಲ ಹೊಸ್ತಿಲು ದಾಟಿದ ಮೇಲೆ ಬೆಳೆಯುತ್ತ ಹೋದಳು. ಅರಸೀಕೆರೆಯ ಕಡೆಯ ಹೆಣ್ಣು. ಮಾತು ಕಡಿಮೆ, ಹೊರಗೆ ಬರುವುದು ಇನ್ನೂ ಕಡಿಮೆ. ಹುರುಳಿ ಸಾರು ಚೆನ್ನಾಗಿ ಮಾಡುತ್ತಾಳೆ, ಬದನೆಕಾಯಿ ಕಂಡರಾಗದು. ಬಳೆಯವನು ಅಳತೆ ಕೇಳಿದಾಗ ನನ್ನ ಅಮ್ಮನ ಕೈಯನ್ನು ನೆನೆಸಿಕೊಂಡು ಹೇಳಿದೆ. ಹೆಸರು ಮಾತ್ರ ಇಡಲಿಲ್ಲ. ಹೆಸರಿಟ್ಟರೆ ಸುಳ್ಳು ಹೇಳಿದಂತಾಗುತ್ತದೆ ಎಂದು ಭಯ. ನಗಬೇಡಿ, ಸರ್ಕಾರಿ ನೌಕರನ ಪ್ರಾಮಾಣಿಕತೆಗೆ ಇಂಥ ಸಣ್ಣಪುಟ್ಟ ಗೂಟಗಳು ಬೇಕಾಗುತ್ತವೆ.

ಇದರ ಜೊತೆಗೆ ಇನ್ನೊಂದು ಗೌರವ ತಾನಾಗಿ ಬಂದು ನನ್ನ ಹೆಗಲೇರಿತು. ಆಯುಧಪೂಜೆಯ ಹಿಂದಿನ ದಿನ ಬೆಳಿಗ್ಗೆ ನಂಜಪ್ಪ ಬಾಗಿಲ ಹಲಗೆ ತೆಗೆಯುತ್ತಿರುವಾಗಲೇ ಹೋಗಿ ಕರ್ಪೂರ ಕೊಂಡೆ. ಅಂದಿನ ಬೋಣಿ ನನ್ನದು. ಸಂಜೆಯ ಹೊತ್ತಿಗೆ ಅವನ ಅಂಗಡಿಯಲ್ಲಿ ಅರಿಸಿನ ಕುಂಕುಮದ ಡಬ್ಬಿಗಳು ಬರಿದಾಗಿದ್ದವು. ಆಯುಧಪೂಜೆಯ ಹಿಂದಿನ ದಿನ ಕುಂಕುಮದ ಅಂಗಡಿಗೆ ಯಾರು ಬೋಣಿ ಮಾಡಿದರೂ ಡಬ್ಬಿ ಬರಿದಾಗುತ್ತದೆ. ನಂಜಪ್ಪನಿಗೆ ಅದು ಹೊಳೆಯಲಿಲ್ಲ, ನನಗೆ ಹೊಳೆದರೂ ಹೇಳಲಿಲ್ಲ. "ನಿಮ್ಮದು ಒಳ್ಳೆ ಕೈಗುಣ ರುದ್ರಯ್ಯನೋರೆ! ಸಂಸಾರಸ್ತ್ರ ಕೈ ಅಂದ್ರೆ ಅದೇಯ, ತಂಪು ಕೈ" ಎಂದು ಅವನು ಬೀದಿಯುದ್ದಕ್ಕೂ ಸಾರಿಬಿಟ್ಟ.

ಮಾರನೆಯ ವಾರದಿಂದ ಎಲ್ಲರಿಗೂ ನನ್ನ ಕೈಯೇ ಬೇಕು. ಒಬ್ಬ ಮನುಷ್ಯ ಆರು ಅಂಗಡಿಗಳಿಗೆ ಏಕಕಾಲದಲ್ಲಿ ಮೊದಲನೆಯ ಗಿರಾಕಿಯಾಗುವುದು ಹೇಗೆ? ಕೊನೆಗೆ ಕಚೇರಿಯ ಹಾಜರಿ ಪಟ್ಟಿಯಂತೆ ಒಂದು ಪಟ್ಟಿ ಮಾಡಿದೆ. ಸೋಮವಾರ ನಂಜಪ್ಪ, ಮಂಗಳವಾರ ಹಗ್ಗ ಗಂಟೆಗಳ ಅಂಗಡಿ, ಬುಧವಾರ ಪಾತ್ರೆ, ಹೀಗೆ. ಬೋಣಿ ಮಾಡುವವನು ಚೌಕಾಶಿ ಮಾಡುವಂತಿಲ್ಲ, ಬೇಡ ಎಂದು ಬರಿಗೈಯಲ್ಲಿ ಇಳಿಯುವಂತಿಲ್ಲ. ಎತ್ತಿನ ಗಂಟೆಗಳು ನನ್ನ ಮನೆಗೆ ಬಂದ ಬಗೆ ನಿಮಗೀಗ ತಿಳಿಯಿತು. ಆದರೆ ಬೆಳಿಗ್ಗೆ ನಾನು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡ ಕೂಡಲೇ ಆ ದಿನದ ಅಂಗಡಿಯವನು ಹೊರಗೆ ಬಂದು ನನ್ನ ದಾರಿ ನೋಡುತ್ತ ನಿಂತಿರುತ್ತಿದ್ದ. ನನ್ನ ದಾರಿಯನ್ನು ಒಬ್ಬರು ನೋಡುತ್ತಾರೆ ಎಂಬುದಕ್ಕೆ ನಾನು ಎಷ್ಟು ಗಂಟೆ ಬೇಕಾದರೂ ಕೊಳ್ಳುತ್ತಿದ್ದೆ.

ಕಾರ್ತಿಕದಲ್ಲಿ ಈ ಕೀರ್ತಿ ಗುಂಡ್ಲುಪೇಟೆಗೂ ಮುಟ್ಟಿತು. ಅವ್ವನ ಅಳಿಯ ಮಹದೇವಪ್ಪ ಅಲ್ಲಿ ಹೊಸದಾಗಿ ಜವಳಿ ಅಂಗಡಿ ತೆರೆಯುವವನಿದ್ದ. ಮೊದಲ ಬೋಣಿ ನಾನೇ ಮಾಡಬೇಕೆಂದು ನಂಜಪ್ಪ ಹಟ ಹಿಡಿದ. ಜರಿ ಅಂಚಿನ ಪಂಚೆ ಉಟ್ಟು, ಶಲ್ಯ ಹೊದ್ದು ಹೊರಟೆ. ಬಸ್ಸಿನಲ್ಲಿ ನಂಜಪ್ಪ, ಅವ್ವ, ಅವರ ನಡುವೆ ಮದುಮಗನಂತೆ ನಾನು. ತೆರಕಣಾಂಬಿ ದಾಟುವಾಗ ಅವ್ವ, "ನಿನ್ನೆಂಡ್ರುನ್ನೂ ಕರ್ಕಂಡು ಬರ್ಬೇಕಿತ್ತು ಕಣಪ್ಪ" ಎಂದಳು. ಆಕೆಗೆ ಬಸ್ಸು ಆಗುವುದಿಲ್ಲ, ತಲೆ ಸುತ್ತುತ್ತದೆ ಎಂದೆ. ಪಾಪ, ಆಕೆ ಬಸ್ಸು ಹತ್ತಿದವಳೇ ಅಲ್ಲ.

ಮುಹೂರ್ತಕ್ಕೆ ಇನ್ನೂ ಒಂದು ಗಂಟೆ ಇತ್ತು. ಅಭ್ಯಾಸಬಲ, ನಾನೊಬ್ಬನೇ ಬೀದಿ ಸುತ್ತಲು ಹೊರಟೆ. ಗುಂಡ್ಲುಪೇಟೆಯ ಅಂಗಡಿಗಳ ಗತ್ತೇ ಬೇರೆ. ಊಟಿಗೂ ಕೇರಳಕ್ಕೂ ಹೋಗುವ ದಾರಿಯಲ್ಲಿ ಕೂತ ಊರು, ಎಲ್ಲವೂ ಹೊರಡುವ ಅವಸರದಲ್ಲಿರುತ್ತದೆ. ತರಕಾರಿ ಮಂಡಿಯವನು ನನಗೆ ಕನ್ನಡದಲ್ಲಿ ಉತ್ತರ ಕೊಡುತ್ತ, ಲಾರಿಯವನಿಗೆ ಮಲಯಾಳದಲ್ಲಿ ಬೈಯುತ್ತ, ಮೂಟೆಯವನನ್ನು ತಮಿಳಿನಲ್ಲಿ ಓಲೈಸುತ್ತಿದ್ದ. ಮಲಯಾಳಿಯೊಬ್ಬನ ಚಹದಂಗಡಿಯಲ್ಲಿ ಅವನು ತಲೆಯ ಮೇಲಿನಿಂದ ಮೊಣಕಾಲಿನವರೆಗೆ ಚಹ ಎತ್ತಿ ಹೊಯ್ಯುವುದನ್ನು ನೋಡುತ್ತ ನಿಂತೆ. ಒಂದು ಹನಿ ಚೆಲ್ಲಲಿಲ್ಲ. ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟ ಮಂಜು ಹೊದ್ದುಕೊಂಡಿತ್ತು. ಮನೆಗೆ ಹೋದ ಮೇಲೆ ಈ ಚಹ ಹೊಯ್ಯುವ ಸಂಗತಿ ಹೇಳಬೇಕು ಎಂದುಕೊಂಡೆ. ಯಾರಿಗೆ ಎಂದು ಆಮೇಲೆ ಹೊಳೆಯಿತು. ಲೋಟ ಕೆಳಗಿಟ್ಟು, ಚಹ ಪೂರ್ತಿ ಕುಡಿಯದೆಯೇ ಹೊರಟುಬಂದೆ.

ಮಹದೇವಪ್ಪನ ಅಂಗಡಿಯಲ್ಲಿ ನೆಂಟರು ಕಿಕ್ಕಿರಿದಿದ್ದರು. ಜಮಖಾನದ ಮೇಲೆ ನನ್ನನ್ನು ಕೂರಿಸಿ, ಮೊದಲು ಸೀರೆಯೇ ಹೋಗಬೇಕು ಎಂದು ಒಂದೊಂದಾಗಿ ಬಿಚ್ಚಿ ಹರವಿದ. "ಅಕ್ಕಾರು ಕೆಂಪುಗವ್ರಾ, ಎಣ್ಣೆಗೆಂಪಾ?" ಎಂದು ಕೇಳಿದ. ಎಣ್ಣೆಗೆಂಪು ಎಂದೆ. ಹೇಳಿದ ಕೂಡಲೇ ಅದು ನಿಜವಾಯಿತು. ಮುಟ್ಟಿ ಮುಟ್ಟಿ ನೋಡಿದೆ, ಹೆಗಲ ಮೇಲೆ ಹಾಕಿಸಿ ನೋಡಿದೆ, ಬೇಡವೆಂದು ಪಕ್ಕಕ್ಕಿಟ್ಟದ್ದನ್ನೇ ಮತ್ತೆ ಎಳೆದು ನೋಡಿದೆ. ಮುಹೂರ್ತ ಮೀರುತ್ತದೆಂದು ನಂಜಪ್ಪ ಮೆಲ್ಲನೆ ತಿವಿದ. ಕೊನೆಗೆ ಮಾವಿನ ಚಿಗುರಿನ ಬಣ್ಣದ್ದು, ಅರಿಸಿನದ ಅಂಚಿನದು ಆರಿಸಿದೆ. ವಾಪಸು ಬರುವಾಗ ಆ ಪೊಟ್ಟಣವನ್ನು ಬಸ್ಸಿನ ಸಾಮಾನಿನ ಹಲಗೆಯ ಮೇಲೆ ಇಡಲು ಮನಸ್ಸಾಗದೆ ತೊಡೆಯ ಮೇಲೆಯೇ ಇಟ್ಟುಕೊಂಡೆ. ಅವ್ವ ಒಂದೆರಡು ಸಲ ನನ್ನ ಕಡೆ ನೋಡಿದಳು.

ಸಂಕ್ರಾಂತಿಗೆ ಕಷ್ಟ ಬಂತು. ಅವ್ವ ಬತ್ತಿ ಹೊಸೆಯುತ್ತ, "ಅಬ್ಬದ ದಿಸ ನಿಮ್ಮನೆಗೆ ಎಳ್ಳು ಬೀರಾಕೆ ಬತ್ತೀನಿ. ಎಷ್ಟು ದಿಸ ಅಂತ ಆ ಎಣ್ಣುಮಗಳ ಮೊಕ ನೋಡ್ದಂಗೆ ಇರದು?" ಎಂದಳು. ಎರಡು ಮೊರ, ನಾಲ್ಕು ಗಂಟೆಗಳ ಜೊತೆಗೆ ಹೆಂಡತಿಯನ್ನು ಎಲ್ಲಿಂದ ತಂದು ತೋರಿಸಲಿ?

"ಅವಳು ಊರಿಗೆ ಹೋದಳು ಅವ್ವ" ಎಂದೆ.

"ಯಾವಾಗ?"

"ನಿನ್ನೆ."

"ತವರಿಗಾ?"

"ಹೂಂ."

ಅವ್ವ ಬತ್ತಿ ಕೆಳಗಿಟ್ಟು ನನ್ನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಒಳ್ಳೆ ದೊಡ್ಡ ಗಂಟಲಲ್ಲಿ, "ಬಾಣಂತನಕ್ಕೆ ಅನ್ನು! ಬಾಯ್ಬುಟ್ಟು ಯೋಳಾಕೆ ನಾಚ್ಕೆಯಾ ನಿಂಗೆ? ತಡವಾಗಾದ್ರೂ ಆಯ್ತಲ್ಲ, ಆ ಮಾದಪ್ಪ ಕಣ್ಬುಟ್ಟ" ಎಂದಳು. ನಂಜಪ್ಪ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದುಬಂದು ನನ್ನ ಕೈ ಹಿಡಿದು ಕುಲುಕಿದ. ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಆ ಸಂಜೆ ನಾನು ಬೀದಿಯ ತುದಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಪಾತ್ರೆಯವನು, ಕಂಬಳಿಯವನು, ಗಡಿಯಾರದವನು, ಎಲ್ಲರೂ ಬಾಗಿಲಿಗೆ ಬಂದು ಒಂದೇ ಮಾತು ಹೇಳಿದರು: "ಒಬ್ರೇ ಆಗ್ಬುಟ್ರಲ್ಲ ಸ್ವಾಮಿ."

ಈ ಊರಿಗೆ ಬಂದು ಎಂಟು ತಿಂಗಳಾಗಿತ್ತು. ಎಂಟು ತಿಂಗಳೂ ಒಬ್ಬನೇ ಇದ್ದೆ. ಯಾರೂ ಆ ಮಾತು ಆಡಿರಲಿಲ್ಲ. ಇಲ್ಲದ ಹೆಂಡತಿ ಇಲ್ಲದ ತವರಿಗೆ ಹೋದ ಮೇಲೆ ಮೊದಲ ಬಾರಿಗೆ ನನ್ನ ಒಂಟಿತನ ಊರವರ ಕಣ್ಣಿಗೆ ಬಿತ್ತು. ಗಡಿಯಾರದವನ ಅಂಗಡಿಯ ಮುಂದೆ ನಿಂತಾಗ ನನಗೆ ಅಳು ಬಂತು. ಹೆಂಡತಿಯ ಮೇಲೆ ಎಷ್ಟು ಪ್ರಾಣ ಎಂದು ಅವನು ಆಮೇಲೆ ಹೇಳಿಕೊಂಡು ತಿರುಗಿದನಂತೆ.

ಹೆಂಡತಿ ಬಾಣಂತನಕ್ಕೆ ಹೋದ ಗಂಡಸನ್ನು ಹೋಟೆಲಿಗೆ ಬಿಡುವುದು ಆ ಬೀದಿಗೆ ಅವಮಾನ. ಸಂಜೆಯ ಊಟ ನಂಜಪ್ಪನ ಮನೆಯಲ್ಲಿ ಎಂದು ಅವ್ವ ಕಟ್ಟಪ್ಪಣೆ ಮಾಡಿದಳು. ರಾಗಿಮುದ್ದೆ, ಅವರೆಕಾಳಿನ ಸಾರು, ಬಿಸಿಬಿಸಿ. "ಕಾಗ್ದ ಬಂತಾ?" ಎಂದು ಅವ್ವ ಕೇಳುವಳು. ಬಂತು ಎನ್ನುತ್ತಿದ್ದೆ. ಏನು ಬರೆದಿದ್ದಾಳೆ ಎಂದರೆ, ಹುಣಸೆಕಾಯಿಗೆ ಆಸೆಪಡುತ್ತಾಳಂತೆ, ರಾತ್ರಿ ನಿದ್ದೆ ಬರುವುದಿಲ್ಲವಂತೆ, ಹೊತ್ತಿಗೆ ಸರಿಯಾಗಿ ಉಣ್ಣಿ ಎಂದು ಬರೆದಿದ್ದಾಳೆ ಎನ್ನುತ್ತಿದ್ದೆ. ಹೀಗೆ ಹೇಳಿ ಕೋಣೆಗೆ ಬಂದ ಮೇಲೆ, ಹೊತ್ತಿಗೆ ಸರಿಯಾಗಿ ಉಣ್ಣು ಎಂದು ನನಗೆ ಯಾರೋ ನಿಜವಾಗಿಯೂ ಬರೆದ ಹಾಗೆ ಮನಸ್ಸು ಬೆಚ್ಚಗಿರುತ್ತಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಸುಖವಾಗಿ ಸಂಸಾರ ಮಾಡಿದ ದಿನಗಳು ಬೇರೆ ಇಲ್ಲ.

ಆದರೆ ಬಾಣಂತನ ಎಂಬುದು ಸರ್ಕಾರಿ ಕಾಗದದಂತೆ ಸುಮ್ಮನೆ ಮುಂದೂಡುತ್ತ ಹೋಗುವಂಥದ್ದಲ್ಲ. ಅದಕ್ಕೆ ಗಡುವಿದೆ. ದಿನದಿನವೂ ಗೋಡೆಯ ಕ್ಯಾಲೆಂಡರ್ ನೋಡಿ ಬೆವರತೊಡಗಿದೆ. ಮಗು ಹುಟ್ಟಲೇಬೇಕು, ಹುಟ್ಟಿದರೆ ಬೀದಿಗೆಲ್ಲ ಸಕ್ಕರೆ ಹಂಚಬೇಕು, ಐದನೆಯ ತಿಂಗಳಿಗೆ ತಾಯಿಮಗುವನ್ನು ಕರೆತರಬೇಕು. ಒಂದು ದಿನ ಕಚೇರಿಯಲ್ಲಿ ಕೂತಿದ್ದಾಗ ಸುಲಭದ ದಾರಿಯೊಂದು ಹೊಳೆಯಿತು. ಹೆರಿಗೆಯಲ್ಲಿ ಆಕೆ ತೀರಿಕೊಂಡಳು ಎಂದುಬಿಟ್ಟರೆ? ಎಲ್ಲ ಒಂದೇ ಮಾತಿಗೆ ಮುಗಿಯುತ್ತದೆ, ಅನುಕಂಪವೂ ಉಳಿಯುತ್ತದೆ. ಗುಮಾಸ್ತನ ಬುದ್ಧಿಗೆ ಇದಕ್ಕಿಂತ ಒಳ್ಳೆಯ ಟಿಪ್ಪಣಿ ತೋಚಲಾರದು. ಆದರೆ ಅಂದು ಸಂಜೆ ಅವ್ವ ಬಡಿಸಿದ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಹುಣಸೆಕಾಯಿಗೆ ಆಸೆಪಡುವವಳನ್ನು ಹೇಗೆ ಸಾಯಿಸಲಿ? ಆ ಕೆಲಸ ನನ್ನಿಂದಾಗುವಂಥದ್ದಲ್ಲ ಎಂದು ಗೊತ್ತಾಯಿತು. ಉಳಿದದ್ದು ಒಂದೇ ದಾರಿ, ನಿಜ ಹೇಳುವುದು. ನಿಜ ಹೇಳಿದರೆ ಮಾರನೆಯ ದಿನದಿಂದ ಊಟವಿಲ್ಲ, ಬೋಣಿಯಿಲ್ಲ, ದಾರಿ ನೋಡುವವರಿಲ್ಲ. ಮತ್ತೆ ಹೋಟೆಲು, ಮತ್ತೆ ಆ ಭಾನುವಾರಗಳು.

ಯುಗಾದಿಗೆ ಮುಂಚೆ ನಂಜಪ್ಪ ಸಾಮಾನು ತರಲು ಮೈಸೂರಿಗೆ ಹೋಗಿದ್ದ. ಅವ್ವ ಒಬ್ಬಳೇ ಬಡಿಸುತ್ತಿದ್ದಳು. ತಲೆ ಎತ್ತದೆ, ತಟ್ಟೆಗೇ ಹೇಳಿದೆ: "ಅವ್ವ, ನನಗೆ ಮದುವೆಯೇ ಆಗಿಲ್ಲ."

"ಸಾರು ಆಕ್ಕೊ, ಮುದ್ದೆ ಒಣಗ್ತದೆ" ಎಂದಳು ಅವ್ವ.

ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಹೇಳಿದೆ.

"ಕೇಳುಸ್ತು ಬುಡು. ನಂಗೆ ಆಗ್ಲೇ ಗೊತ್ತಿತ್ತು" ಎಂದಳು. ಯಾವಾಗಿನಿಂದ ಎಂದು ಬಾಯಿ ಬಿಟ್ಟುಕೊಂಡು ಕೇಳಿದೆ. "ಗುಂಡ್ಲುಪೇಟೇಲಿ ಸೀರೆ ತಕ್ಕೊಂಡೆಯಲ್ಲ, ವಾರಾಯ್ತು, ತಿಂಗ್ಳಾಯ್ತು, ಬದ್ಲಾಯ್ಸಾಕೆ ಬರ್ನೇ ಇಲ್ವಲ್ಲ ನೀನು! ಗಂಡ ತಂದ ಸೀರೆನ ಯಾವ ಎಣ್ಣು ತಾನೆ ಒಪ್ಕಂಡಾಳು? ಅಂಚು ಬ್ಯಾಡ, ಬಣ್ಣ ಬ್ಯಾಡ ಅಂತ ಮೂರ್ನೇ ದಿಸವೇ ಓಡುಸ್ತಾಳೆ."

"ಬೋಣಿಯ ಸೀರೆ ಅವ್ವ, ವಾಪಸು ಕೊಡಬಾರದಲ್ಲ" ಎಂದೆ, ಯಾರ ಪರವಾಗಿ ವಾದಿಸುತ್ತಿದ್ದೇನೆ ಎಂದು ನನಗೇ ತಿಳಿಯದೆ.

"ಅವೆಲ್ಲ ಗಂಡುಸ್ರು ಮಾಡ್ಕಂಡಿರ ಸಾಸ್ತ್ರ. ಎಂಗುಸ್ರು ಅದ್ನೆಲ್ಲ ಎಲ್ಲಿ ಕೇಳಾರು?"

ಹಾಗಾದರೆ ಬಾಣಂತನ ಎಂದು ಊರಿಗೆಲ್ಲ ಕೇಳುವಂತೆ ಕೂಗಿದ್ದೇಕೆ ಎಂದೆ. "ಇನ್ನೇನ್ ಮಾಡ್ಲಿ? ದಿನಾ ಬಂದು ಬ್ಯಾಡದ್ನೆಲ್ಲ ತಕ್ಕೊಂಡು, ಓಗಾಕೆ ಮನ್ಸಿಲ್ದೆ ನಿಂತಿರ್ತಿದ್ದೆ. ಸುಮ್ಸುಮ್ನೆ ಒಬ್ಬ ಗಂಡ್ಸುನ್ನ ದಿನಾ ಉಣ್ಣಾಕೆ ಕರುದ್ರೆ ಬೀದಿ ಏನಂದಾತು? ಎಂಡ್ತಿ ಬಾಣಂತನಕ್ಕೆ ಓಗವಳೆ ಅಂದ್ರೆ ಯಾರೇನಂದಾರು? ಈ ನಂಜ ಒಬ್ಬ, ಅವುನ್ಗೇನೂ ಗೊತ್ತಿಲ್ಲ. ಯೋಳ್ಬ್ಯಾಡ, ಎದೆ ಒಡ್ಕತಾನೆ. ಉಣ್ಣು."

ಉಂಡೆ. ಹಗುರಾಗಬೇಕಿತ್ತು, ಆಗಲಿಲ್ಲ. ಮುಚ್ಚಿಡುವುದಕ್ಕೆ ಏನೂ ಇಲ್ಲವೆಂದ ಮೇಲೆ ಆಡುವುದಕ್ಕೂ ಏನೂ ಇಲ್ಲವೆಂದು ತಿಳಿಯಿತು. ಎರಡು ತಿಂಗಳಿಂದ ನಾವಿಬ್ಬರೂ ಮಾತಾಡಿದ್ದೆಲ್ಲ ಆಕೆಯ ವಿಷಯ. ಕಾಗದ ಬಂತಾ ಎಂದು ಅವ್ವ ಕೇಳಲಿಲ್ಲ, ನನಗೂ ಹೇಳಲು ಬರಲಿಲ್ಲ. ಮದುವೆಯಾಗದೆಯೇ ಹೆಂಡತಿಯನ್ನು ಕಳೆದುಕೊಂಡವನು ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಮಜ್ಜಿಗೆಯ ಹೊತ್ತಿಗೆ ಅವ್ವನೇ ಬಾಯಿ ತೆರೆದಳು. "ಉಡಿಗಾಲದಲ್ಲಿ ನಮ್ಮ ನಾದ್ನಿ ಕಡೆಯೋರದ್ದು ಒಂದು ಮನೆಯದೆ. ಆ ಎಣ್ಣು ತಮ್ಮಂದ್ರುನ್ನ ಸಾಕ್ತಾ ಸಾಕ್ತಾ ಅಂಗೇ ಉಳ್ಕಂಡುಬುಡ್ತು, ಮೂವತ್ತು ದಾಟದೆ. ಒಳ್ಳೆ ಗುಣ. ಬರ ಭಾನುವಾರ ಓಗಿ ನೋಡನ. ಏನಂತೀಯಾ?"

ಅಡಿಗೆ ಬಿದ್ದಿದ್ದ ಕಡತವನ್ನು ಯಾರೋ ಧೂಳು ಕೊಡವಿ ಮೇಜಿನ ಮೇಲಿಟ್ಟಂತಾಯಿತು. ಆಗಲಿ ಎನ್ನಬೇಕೆಂದು ಬಾಯಿ ತೆರೆದೆ. ಆದರೆ ಹೊರಗೆ ಬಂದ ಮಾತು ಇದು: "ಮನೆಯಲ್ಲಿ ಅವಳನ್ನು ಒಂದು ಮಾತು ಕೇಳಿ ಹೇಳ್ತೀನಿ ಅವ್ವ."

ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಅವ್ವ ನಗುತ್ತಾಳೆಂದುಕೊಂಡೆ. ಆಕೆ ನಗಲಿಲ್ಲ. ನನ್ನ ತಟ್ಟೆಗೆ ಇನ್ನಷ್ಟು ಮಜ್ಜಿಗೆ ಹೊಯ್ದು, "ಕೇಳ್ಕಂಡೇ ಬಾ. ಬ್ಯಾಡ ಅನ್ನಾಕಿಲ್ಲ ಅವ್ಳು, ಒಳ್ಳೇಳು" ಎಂದಳು.

ಈ ಮಾತಿಗೆ ಹತ್ತು ದಿನವಾಯಿತು. ಒಂದು ಭಾನುವಾರ ಆಗಲೇ ಕಳೆದುಹೋಯಿತು, ಇನ್ನೊಂದು ನಾಡಿದ್ದು ಬರುತ್ತದೆ. ಉಡಿಗಾಲಕ್ಕೆ ಇಲ್ಲಿಂದ ನಡೆದೇ ಹೋಗಬಹುದು, ದೂರದ ನೆಪ ಹೇಳುವಂತಿಲ್ಲ. ಅವ್ವ ದಿನವೂ ಊಟ ಬಡಿಸಿ, ಕೇಳಿದೆಯಾ ಎಂಬಂತೆ ನನ್ನ ಮುಖ ನೋಡುತ್ತಾಳೆ. ಇನ್ನೂ ಕೇಳಿಲ್ಲ. ಹೇಗೆ ಕೇಳಲಿ ಹೇಳಿ? ಬಾಣಂತನಕ್ಕೆಂದು ಹೋದವಳು, ಅದೂ ಚೊಚ್ಚಲು. ಇಂಥ ಹೊತ್ತಿನಲ್ಲಿ ಕೇಳುವ ಮಾತೇ ಇದು?